ಕಂಡಕ್ಟರ್ ಫಕೀರಪ್ಪನ ದನಿ

ಬಾಯಿ ಕೆಸರಾದರೆ ರಕ್ತ ಮೊಸರು.

ಹಿರಿಯರು ಹೀಗೆ ಹೇಳಿಲ್ಲ, ಗೊತ್ತು. ಅವರು ಕೈಗೆ ಕೆಸರು ಹಚ್ಚಿ, ಬಾಯಿಗೆ ಮೊಸರು ಬಡಿಸಿ ಸುಮ್ಮನಾದರು. ಡಾಕ್ಟರ್ ವಿರೂಪಾಕ್ಷ ಹಾದಿಮನಿಯನ್ನು ಕಂಡಿದ್ದರೆ ಗಾದೆಯನ್ನು ತಾವೇ ತಿದ್ದಿರುತ್ತಿದ್ದರು. ಇದು ಸತ್ಯಕಥೆ, ಅಕ್ಷರ ಅಕ್ಷರವೂ ಸತ್ಯ. ಇನ್ನೂ ನಡೆದಿಲ್ಲ ಎಂಬುದೊಂದು ಸಣ್ಣ ಕೊರತೆ. ಅದು ಕಾಲದ ತಪ್ಪು. ಕತೆಯ ಮೇಲೆ ಹೊರಿಸಬಾರದು. ಸ್ವಲ್ಪ ತಾಳಿದರೆ ಹುಬ್ಬಳ್ಳಿಯಲ್ಲೇ ನಡೆಯುತ್ತದೆ.

ಆ ಹುಬ್ಬಳ್ಳಿಯಲ್ಲಿ ಬಸ್ಸುಗಳು ತಾವಾಗಿಯೇ ಓಡುತ್ತವೆ. ಡ್ರೈವರ್ ಇಲ್ಲ, ಕಂಡಕ್ಟರ್ ಇಲ್ಲ, ಚಿಲ್ಲರೆಯ ಜಗಳ ಇಲ್ಲ. ಮೋಡದ ಹಾಗೆ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತವೆ. ಉಣಕಲ್ ಕೆರೆಯ ದಂಡೆಯ ಮೇಲೆ ತಲೆಗೆ ಪೆಟ್ಟು ಬಿದ್ದವರಿಗೆಂದೇ ಕಟ್ಟಿದ ಒಂದು ಆಸ್ಪತ್ರೆ. ಅದರ ಮೇಲಿನ ಮಹಡಿಯಲ್ಲಿ ರಕ್ತದ ಪ್ರಯೋಗಶಾಲೆ. ಗಾಜಿನ ಆಚೆ ರೋಗಿಗಳ ಹಾಸಿಗೆ, ಈಚೆ ಸಾಲು ತಂತಿ. ಒಬ್ಬೊಬ್ಬ ರೋಗಿಗೆ ಒಂದೊಂದು. ಕೆರೆಯ ನೀರಿಗೆ ಬಿದ್ದ ಬಿಸಿಲು ಪುಟಿದು ಚಾವಣಿಯ ಮೇಲೆ ನಡುಗುತ್ತಿರುತ್ತದೆ, ಅದರ ಕೆಳಗೆ ತಂತಿಗಳು ಮಿಡಿಯುತ್ತಿರುತ್ತವೆ. ಕಣ್ಣು ಮುಚ್ಚಿ ನಿಂತವರಿಗೆ ಯಾವುದೋ ದೊಡ್ಡ ಪ್ರಾಣಿಯ ನಿದ್ದೆಯೊಳಗೆ ಕಾಲಿಟ್ಟಂತಾಗುತ್ತದೆ.

ತಂತಿ ಕಟ್ಟಿದವರು ಡಾಕ್ಟರ್ ಮೆಹಜಬೀನ್ ನದಾಫ್. ಅವರ ದಾದಾ, ಅಪ್ಪನ ಅಪ್ಪ, ಓಣಿ ಓಣಿ ತಿರುಗಿ ಹಾಸಿಗೆಯ ಹತ್ತಿ ಹಿಂಜುತ್ತಿದ್ದವರು. ಹತ್ತಿ ಹಿಂಜುವ ಬಿಲ್ಲಿನ ‘ಟಂಯ್ ಟಂಯ್’ ಕೇಳುತ್ತ ಜೋಳಿಗೆಯಲ್ಲಿ ನಿದ್ದೆ ಮಾಡಿದ ಕೂಸು, ದೊಡ್ಡದಾಗಿ ರಕ್ತದ ಡಾಕ್ಟರಾದಾಗ, ರಕ್ತವನ್ನೂ ಅದೇ ರಾಗಕ್ಕೆ ತಂದಿತು. ರೋಗಿಯ ಮೈಯಿಂದ ಕೂದಲೆಳೆಯಷ್ಟು ಸಣ್ಣ ಕೊಳವೆಯಲ್ಲಿ ರಕ್ತ ಬಂದು ಒಂದು ಪುಟ್ಟ ಬಟ್ಟಲಿಗೆ ಬೀಳುತ್ತದೆ. ಬಟ್ಟಲು ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ, ನಡುವೆ ಒಂದು ಸರಿಗೆ ನಿಂತಿರುತ್ತದೆ. ರಕ್ತ ಹೆಪ್ಪುಗಟ್ಟುವಾಗ ಅದರೊಳಗೆ ಕಣ್ಣಿಗೆ ಕಾಣದ ನೂಲು ನೇಯ್ದುಕೊಳ್ಳುತ್ತದಲ್ಲ, ಆ ನೂಲು ಸರಿಗೆಯನ್ನು ಹಿಡಿದು ಜಗ್ಗುತ್ತದೆ. ಜಗ್ಗಿದ್ದೆಲ್ಲ ತಂತಿಯಲ್ಲಿ ದನಿಯಾಗುತ್ತದೆ. ಗಟ್ಟಿ ರಕ್ತ ‘ಟಂಯ್’ ಅನ್ನುತ್ತದೆ. ಕೆಟ್ಟ ರಕ್ತ ‘ಟುಸ್’ ಅನ್ನುತ್ತದೆ. ಯಂತ್ರಕ್ಕೆ ಎಲ್ಲರೂ ಬಿಲ್ಲು ಎಂದೇ ಕರೆಯುತ್ತಿದ್ದರು. ಆಸ್ಪತ್ರೆಗೆ ಬಂದವರನ್ನು ನಡುಗಿಸುವ ಇನ್ನೊಂದು ಬಿಲ್ಲು ಕೆಳಗಿನ ಕೌಂಟರಿನಲ್ಲಿ ಸಿಗುತ್ತಿತ್ತು. ಅದು ಯಾವಾಗಲೂ ‘ಟಂಯ್’ ಅನ್ನುತ್ತಲೇ ಇರುತ್ತಿತ್ತು.

ತಲೆಗೆ ಪೆಟ್ಟು ಬಿದ್ದರೆ ರಕ್ತ ಯಾಕೆ ಕೆಡಬೇಕು? ಮಿದುಳು ಗಾಬರಿ ಬಿದ್ದು ಕೂಗಿಕೊಳ್ಳುತ್ತದೆ. ಆ ಕೂಗಿಗೆ ರಕ್ತ ಬೇಕಾದಲ್ಲಿ ಬೇಡವಾದಲ್ಲಿ ಹೆಪ್ಪುಗಟ್ಟಿ, ಹೆಪ್ಪಿನ ಸಾಮಾನನ್ನೆಲ್ಲ ಖರ್ಚು ಮಾಡಿ ಕೂತುಬಿಡುತ್ತದೆ. ಮದುವೆ ಮನೆಯ ಮೊಸರನ್ನು ಹಾದಿಹೋಕರಿಗೆಲ್ಲ ಬಡಿಸಿ, ಬೀಗರು ಕೂತಾಗ ಬರಿಗೈ ತೋರಿಸಿದ ಹಾಗೆ. ಅಷ್ಟಾದ ಮೇಲೆ ಎಲ್ಲಿ ನಿಲ್ಲಬೇಕೋ ಅಲ್ಲೇ ರಕ್ತ ನಿಲ್ಲುವುದಿಲ್ಲ. ಹೊರಗಿನಿಂದ ಸಾಮಾನು ತುಂಬಬಹುದು, ತುಂಬುತ್ತಿದ್ದರು. ಆದರೆ ಗಾಬರಿಯ ನಲ್ಲಿ ಬಿಟ್ಟೇ ಇದ್ದರೆ ತುಂಬಿದ್ದೂ ಹರಿದುಹೋಗುತ್ತದೆ. ಆ ನಲ್ಲಿಯನ್ನು ಹೊರಗಿನಿಂದ ಮುಚ್ಚಲು ಒಂದೇ ಒಂದು ದಾರಿ ನದಾಫ್ ಅವರಿಗೆ ಹೊಳೆದಿತ್ತು: ಕಿವಿ. ಮೈಮರೆತವರ ಕಿವಿಯಲ್ಲಿ ಅವರ ಜೀವಕ್ಕೆ ಹತ್ತಿರದವರು ಕರೆದರೆ ಕೆಲವರ ತಂತಿ ಬಿಗಿಯುತ್ತಿತ್ತು. ಕೆಲವರದು. ಎಲ್ಲರದಲ್ಲ.

ನೀಲವ್ವನ ತಂತಿ ಬಿಗಿಯಲಿಲ್ಲ.

ಹಳೇ ಹುಬ್ಬಳ್ಳಿಯ ನೀಲವ್ವ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿ, ಕಾಗೆ ಓಡಿಸಲು ಹೋಗಿ, ಕಾಗೆಯ ಜೊತೆ ತಾನೂ ಹಾರಿದ್ದಳು. ಕಾಗೆಗೆ ಏನೂ ಆಗಲಿಲ್ಲ. ನೀಲವ್ವನ ತಲೆಯೊಳಗೆ ರಕ್ತ ಮಡುಗಟ್ಟುತ್ತಿತ್ತು. ಕೆಳಗಿನ ಮಹಡಿಯ ಸರ್ಜನ್ ಸ್ಪಷ್ಟವಾಗಿ ಹೇಳಿದ್ದರು: ತಂತಿ ಬಿಗಿದರೆ ಇವತ್ತೇ ತಲೆ ತೆರೆದು ಮಡು ತೆಗೆಯುತ್ತೇನೆ, ನೀರಿನಂಥ ರಕ್ತ ಇಟ್ಟುಕೊಂಡು ತೆರೆದರೆ ಮುಚ್ಚಲು ಆಗುವುದಿಲ್ಲ. ಹೊತ್ತು ಮುಳುಗುವವರೆಗೆ ಕಾಯಬಹುದು, ಆಮೇಲೆ ಕಾಯುವುದಕ್ಕೂ ಅರ್ಥವಿಲ್ಲ.

ಮಗಳು ಅನಸೂಯಾ ಬೆಳಗಿನಿಂದ ಅವ್ವನ ಕಿವಿಯಲ್ಲಿ ಕರೆಯುತ್ತಿದ್ದಳು. ಅನಸೂಯಾ ಮನೆಯ ಮುಂದಿನ ಕೋಣೆಯಲ್ಲೇ ಖಾನಾವಳಿ ನಡೆಸುವವಳು. ನಾಲ್ಕು ಓಣಿಗೆ ಕೇಳುವ ಗಂಟಲು. ಆದರೆ ‘ಯವ್ವಾ’ ಅನ್ನುವಷ್ಟರಲ್ಲಿ ಅಳು ಒತ್ತರಿಸಿ ಬರುತ್ತಿತ್ತು, ಅಳು ಬಂದ ಕೂಡಲೇ ತಂತಿ ಇನ್ನಷ್ಟು ಸಡಿಲಾಗುತ್ತಿತ್ತು.

“ನೀವ್ ಅತ್ರ ಅವರಿಗೆ ಇನ್ನಷ್ಟು ಗಾಬರಿ ಆಗತೈತಿ” ಎಂದರು ನದಾಫ್. “ಬ್ಯಾರೆ ಯಾರರ ಅದಾರೇನ್ರಿ? ಅವರು ಭಾಳ ನಂಬಿದ ದನಿ?”

“ನಮ್ಮಪ್ಪ ಇದ್ದ ನೋಡ್ರಿ. ಹೋಗಿಬಿಟ್ಟಾನ.”

ಅಪ್ಪ ಫಕೀರಪ್ಪ, ಬಸ್ಸಿಗೆ ಕಂಡಕ್ಟರ್ ಇದ್ದ ಕಾಲದ ಕಂಡಕ್ಟರ್. ಆತನ ದನಿ ಉಳಿದಿದ್ದು ಒಂದೇ ಕಡೆ: ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಓದಿದ ಭಾಷಣದಲ್ಲಿ. ದನಿ ಕಲಿಯುವ ಯಂತ್ರಕ್ಕೆ ಅದನ್ನೇ ಉಣಿಸಿದರು. ಯಂತ್ರ ಉಂಡದ್ದನ್ನೇ ಕಕ್ಕಿತು. ನೀಲವ್ವನ ಕಿವಿಯ ಬಳಿ ಗಂಟಲು ಸರಿಪಡಿಸಿಕೊಂಡು, “ನನ್ನ ನೆಚ್ಚಿನ ಧರ್ಮಪತ್ನಿಯವರೇ, ತಾವು ತಮ್ಮ ಅಮೂಲ್ಯವಾದ ಕಣ್ಣುಗಳನ್ನು ತೆರೆದು ಈ ಸಮಾರಂಭವನ್ನು ಯಶಸ್ವಿಗೊಳಿಸಬೇಕೆಂದು ಕಳಕಳಿಯ ವಿನಂತಿ” ಎಂದಿತು.

ತಂತಿ ಆಕಳಿಸಿತು. ನಿಜವಾಗಿಯೂ ಆಕಳಿಸಿದ ಹಾಗೆಯೇ ಕೇಳಿಸಿತು.

ಆಗ ನದಾಫ್ ಮೂಲೆಯಲ್ಲಿ ನಿಂತಿದ್ದ ತಮ್ಮ ಕಿರಿಯ ಡಾಕ್ಟರ್ ವಿರೂಪಾಕ್ಷನ ಕಡೆ ತಿರುಗಿದರು.  ಆ ನೋಟ ಅವನಿಗೆ ಪರಿಚಿತ. ಲಿಫ್ಟಿನ ಹೆಣ್ಣುದನಿ, ಕೆರೆಯ ಕಪ್ಪೆ, ಸಾಲಿನ ಅಷ್ಟೂ ತಂತಿ, ಎಲ್ಲವೂ ಅವನ ಗಂಟಲಿನಲ್ಲಿ ಬಾಡಿಗೆಗೆ ಇದ್ದವು. ಕಳೆದ ದೀಪಾವಳಿಯಲ್ಲಿ ನದಾಫ್ ಅವರದೇ ದನಿಯಲ್ಲಿ ಮೈಕಿನಿಂದ “ಎಲ್ಲಾರೂ ಮನಿಗೆ ಹೋಗ್ರಿ, ನಾ ಅದೀನಿ” ಎಂದು ಅರ್ಧ ದಿನದ ರಜೆ ಘೋಷಿಸಿದ್ದ. ಸಂಜೆ ನದಾಫ್ ಒಬ್ಬರೇ ಅಷ್ಟೂ ಬಟ್ಟಲು ತೊಳೆದಿದ್ದರು. ಅಂದಿನಿಂದ ಪ್ರಯೋಗಶಾಲೆಯಲ್ಲಿ ಅವನ ಗಂಟಲಿಗೆ ಬೀಗ.

“ವಿರೂಪಾ, ಆ ಅಣಕಸೂ ರೋಗ ಇನ್ನೂ ಐತೇನ್ ನಿನಗ?”

“ಇಲ್ರಿ ಮೇಡಂ. ಪೂರಾ ವಾಸಿ ಆಗೇತ್ರಿ.”

“ಸುಳ್ಳು. ಮುಂಜಾನಿ ಲಿಫ್ಟಿನ್ಯಾಗ ನನ್ನ ಹಂಗ ಕೆಮ್ಮಿದವರ್ಯಾರು?” ನದಾಫ್ ನಗಲಿಲ್ಲ. “ಇವರ ಜೊತಿ ಮನಿಗೆ ಹೋಗು. ಆ ಮನಷ್ಯಾನ್ನ ಕಲತು ಬಾ. ಹೊತ್ತು ಮುಣಗೂದ್ರಾಗ.”

ಸದ್ದಿಲ್ಲದ ಬಸ್ಸಿನಲ್ಲಿ ಇಬ್ಬರೂ ಹಳೇ ಹುಬ್ಬಳ್ಳಿಗೆ ಹೊರಟರು. ಕಿಟಕಿಯಲ್ಲಿ ಊರು ತೇಲುತ್ತಿತ್ತು. ಅನಸೂಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಆಮೇಲೆ, “ಡಾಕ್ಟರಾ, ಒಂದ್ ಮಾತು. ಸತ್ತವರು ಕರದ್ರ ಓ ಅನಬಾರದು ಅಂತಾರ. ಓ ಅಂದ್ರ ಹಿಂದ ಹೋಗಿಬಿಡ್ತಾರಂತ. ನಮ್ಮವ್ವ ಓ ಅಂದು ಹೋಗೇಬಿಟ್ರ?” ಎಂದಳು.

ವಿಜ್ಞಾನಿಯಾದವನು ನಕ್ಕುಬಿಡಬೇಕಾದ ಮಾತು. ವಿರೂಪಾಕ್ಷನಿಗೆ ನಗು ಬರಲಿಲ್ಲ.  ಸತ್ತ ಗಂಡನ ದನಿಯಲ್ಲಿ ರೋಗಿಯನ್ನು, ಆ ಭಾಷಣದ ಯಂತ್ರ ಬಿಟ್ಟರೆ, ಯಾರೂ ಕರೆದು ನೋಡಿರಲಿಲ್ಲ. “ಗೊತ್ತಿಲ್ರಿ ಅಕ್ಕಾರ” ಎಂದ. ಅದೊಂದು ಮಾತನ್ನು ಅವನು ತನ್ನ ಸ್ವಂತ ದನಿಯಲ್ಲಿ ಹೇಳಿದ. ಅದಕ್ಕೇ ಇರಬೇಕು, ಅನಸೂಯಾ ತಲೆಯಾಡಿಸಿದಳು.

ಮನೆಯಲ್ಲಿ ಅರ್ಧ ತಟ್ಟಿದ ರೊಟ್ಟಿ ಹಾಗೇ ಒಣಗಿತ್ತು. ಮಾಳಿಗೆಯ ಸಂಡಿಗೆಯನ್ನು ಕಾಗೆಗಳು ನಿಶ್ಚಿಂತೆಯಿಂದ ತಿನ್ನುತ್ತಿದ್ದವು. ಗೋಡೆಯ ಮೇಲೆ ಖಾಕಿ ತೊಟ್ಟ ಫಕೀರಪ್ಪ, ಫೋಟೋದಲ್ಲೂ ಚಿಲ್ಲರೆ ಕೇಳುವ ಮುಖ. ಅನಸೂಯಾ ಹೊಸ್ತಿಲಿಗೆ ಹೋಗಿ ನಿಂತು, ಎರಡೂ ಕೈ ಸೊಂಟದ ಮೇಲಿಟ್ಟು, ಗಂಟಲು ದಪ್ಪ ಮಾಡಿದಳು.

“ಹಿಂಗ ಬರಾಂವ ನೋಡ್ರಿ. ಚಪ್ಲಿ ಬಿಡೂದರ ಒಳಗ ನನ್ನ ಹೆಸರು ಹಿಡದು ‘ಅನಸೂ!’ ಅಂತ ಒದರಾಂವ. ನೀರು ಬೇಕಂದ್ರ ಅನಸೂ, ಚಾ ಬೇಕಂದ್ರ ಅನಸೂ. ನನ್ನ ಮ್ಯಾಲ ಭಾಳ ಜೀವ ಅವಗ. ನಾ ಎದ್ದು ಓಡಿ ಬರೂದ್ರಾಗ ಅವ್ವನೇ ನೀರು ಹಿಡದು ಮುಂದ ನಿಂತಿರಾಕಿ.”

“ಅಡಗಿಮನಿ ಬಾಗ್ಲಿಗೆ ಹತ್ರ ಐತೇನ್ರಿ?”

“ದೂರ. ಆದ್ರ ನಮ್ಮವ್ವ ಭಾಳ ಚುರುಕು.”

ವಿರೂಪಾಕ್ಷ ಆ ‘ಅನಸೂ’ವನ್ನು ಬಾಯಲ್ಲಿಟ್ಟು ಚಪ್ಪರಿಸಿದ. ಮೊದಲ ಅಕ್ಷರ ಧೂಳು ಕುಡಿದ ಹಾಗೆ, ಕೊನೆಯದು ಬ್ರೇಕು ಹಾಕಿದ ಬಸ್ಸಿನ ಹಾಗೆ ಎಳೆದು. ಮೂರನೆಯ ಸಲಕ್ಕೆ ಅನಸೂಯಾ ಗೋಡೆ ಹಿಡಿದು ಕೂತಳು. “ಸಾಕ್ರಿ. ಬಂದ್ಬಿಟ್ಟ” ಎಂದಳು.

“ಅವ್ವಾರನ್ನ ಏನಂತ ಕರೀತಿದ್ರು?”

ಅನಸೂಯಾ ಯೋಚಿಸಿದಳು. ವಿಚಿತ್ರವೆಂದರೆ ಅವಳಿಗೆ ನೆನಪಾಗಲಿಲ್ಲ. “ಹೆಸರ್ಲೇ ಇರಬೇಕಲ್ರಿ. ಮತ್ತೇನಂತ ಕರೀತಾರ? ನಮ್ಮನಿಯವರು ನನಗ ಹೆಸರ್ಲೇ ಕರೀತಾರ.”

ವಿರೂಪಾಕ್ಷನ ಅಣ್ಣನೂ ಅತ್ತಿಗೆಯನ್ನು ಹೆಸರಿನಿಂದಲೇ ಕರೆಯುತ್ತಿದ್ದ. ಅವನಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಕೊನೆಗೆ ಅವಳು ಸೀಟಿಯ ಪಾಠ ಹೇಳಿದಳು. ಕಂಡಕ್ಟರ್ ಒಂದು ಸಲ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಅಪ್ಪ ಮನೆಯಲ್ಲೂ ಹಾಗೆಯೇ. ಮಕ್ಕಳನ್ನು ಶಾಲೆಗೆ ಹೊರಡಿಸುವಾಗ ಬಾಗಿಲಲ್ಲಿ ಎರಡು ಸಲ. ವಿರೂಪಾಕ್ಷನಿಗೆ ಖುಷಿಯಾಯಿತು. ಕರೆದು, ಎರಡು ಸಲ ಸೀಟಿ ಹೊಡೆದು, ನೀಲವ್ವನನ್ನು ಹೊರಡಿಸಿಬಿಡುವುದು! ಎಲ್ಲಿಗೆ ಹೊರಡಿಸುತ್ತಿದ್ದೇನೆ ಎಂದು ಆ ಬುದ್ಧಿವಂತ ಯೋಚಿಸಲಿಲ್ಲ.

ಆಸ್ಪತ್ರೆಗೆ ಮರಳಿದಾಗ ಕೆರೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಚಾವಣಿಯ ಬೆಳಕು ಜೇನಿನಂತೆ ಇಳಿಯುತ್ತಿತ್ತು. ವಿರೂಪಾಕ್ಷ ಹಾಸಿಗೆಯ ಬಳಿ ಕೂತ. ಬಿಳಿ ಬಟ್ಟೆ ಸುತ್ತಿದ ಆ ಪುಟ್ಟ ಮುಖ ಯಾವುದೋ ದೂರದ ಪ್ರಯಾಣದಲ್ಲಿ ಕಿಟಕಿಗೆ ಒರಗಿ ಮಲಗಿದವರ ಮುಖದಂತಿತ್ತು. ಗಾಜಿನ ಆಚೆ ನದಾಫ್ ಮತ್ತು ಅನಸೂಯಾ. ‘ಟುಸ್… ಟುಸ್…’ ತಂತಿ ಗೂಡಿನಿಂದ ಹಾರಿಹೋದ ಹಕ್ಕಿಯ ಗರಿಯಂತೆ ಅಲ್ಲಾಡುತ್ತಿತ್ತು.

ಅವನು ಕಣ್ಣು ಮುಚ್ಚಿದ. ಬೇರೆಯವರ ದನಿ ತೊಡುವುದು ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ. ಒಳಗೆ ಅವರ ಕಾಲಿನ ಗುರುತು ಇರುತ್ತದೆ. ಸತ್ತವನ ಚಪ್ಪಲಿ ತಣ್ಣಗಿತ್ತು. ವಿರೂಪಾಕ್ಷ ಬಗ್ಗಿ, ಧೂಳು ಕುಡಿದ ಆ ದನಿಯಲ್ಲಿ, ಸ್ವಲ್ಪ ಪ್ರೀತಿ ಹೆಚ್ಚಿರಲಿ ಎಂದು ತನ್ನದೊಂದು ಚಿಟಿಕೆ ಬೆರೆಸಿ ಕರೆದ:

“ನೀಲಾ… ನನ್ನ ನೀಲಾ…”

ತಂತಿ ನಿಂತುಹೋಯಿತು.

‘ಟುಸ್’ ಕೂಡ ಇಲ್ಲ. ಗಾಜಿನ ಆಚೆ ಅನಸೂಯಾ ಬಾಯಿಗೆ ಸೆರಗು ಒತ್ತಿದಳು. “ಓ ಅಂದಾಳ… ನಮ್ಮವ್ವ ಓ ಅಂದುಬಿಟ್ಟಾಳ…”  ವಿರೂಪಾಕ್ಷ ಎರಡು ಸಲ ಊದಬೇಕೆಂದು ತುಟಿ ಕೂಡಿಸಿದ. ಒಂದು ಸಲ ಊದುವಷ್ಟರಲ್ಲಿ ಉಸಿರು ಮುಗಿಯಿತು. ‘ಪುರ್ರ್!’ ಅಷ್ಟೇ. ಎರಡನೆಯದು ಬರಲಿಲ್ಲ.

ಆಮೇಲೆ ತಂತಿ ನಡುಗಿತು. ‘ಟುಕ್. ಟುಕ್ಟುಕ್. ಟುಕುಟುಕುಟುಕು…’ ಹಾಗೆ ನಡುಗಿದ ತಂತಿಯನ್ನು ನದಾಫ್ ತಮ್ಮ ಜೀವಮಾನದಲ್ಲಿ ಕೇಳಿರಲಿಲ್ಲ. “ಏನಿದು? ವಿರೂಪಾ, ಏನ್ ಮಾಡ್ದಿ?” ಸೆಳವು ಬಂತೆಂದು ಅವರು ಒಳಗೆ ಓಡಿ ಬಂದರು. ನೀಲವ್ವನ ಮೈ ಅಲುಗಿರಲಿಲ್ಲ. ನಡುಕ ತಂತಿಯಲ್ಲಿ ಮಾತ್ರ, ಅಲೆ ಅಲೆಯಾಗಿ ಬಂದು, ತಡೆದು, ಮತ್ತೆ ಒಡೆದು ಬರುತ್ತಿತ್ತು. ಹತ್ತಿಯ ಗುಡ್ಡೆಯ ಮೇಲೆ ಯಾರೋ ಬಿಲ್ಲು ಮೀಟುತ್ತ ಹುಚ್ಚು ಹಿಡಿದ ಹಾಗೆ. ಹೋಗುತ್ತ ಹೋಗುತ್ತ ಅಲೆ ಸಣ್ಣಗಾಯಿತು. ಬಟ್ಟಲಿನೊಳಗೆ ನೂಲು ನೂಲನ್ನು ಹುಡುಕಿಕೊಂಡಿತು.

ಟಂಯ್.

ನದಾಫ್ ಅವರ ಕಣ್ಣು ತುಂಬಿತು. ಸರ್ಜನ್ನಿಗೆ ಫೋನು ಮಾಡಿದ ದನಿ ಅವರದೋ ವಿರೂಪಾಕ್ಷನದೋ ಎಂದು ಆಮೇಲೆ ಯಾರಿಗೂ ನೆನಪಿರಲಿಲ್ಲ.

ತಲೆ ತೆರೆದರು, ಮಡು ತೆಗೆದರು, ಮುಚ್ಚಿದರು. ತಂತಿ ಕೊನೆಯವರೆಗೂ ಕೈಕೊಡಲಿಲ್ಲ. ನೀಲವ್ವ ಕಣ್ಣು ತೆರೆದು, ನೀರು ಕುಡಿದು, ಆಸ್ಪತ್ರೆಯ ಗಂಜಿಯನ್ನು ಬೈಯುವ ಮಟ್ಟಕ್ಕೆ ಸುಧಾರಿಸಿದ ದಿನ, ನದಾಫ್ ಪ್ರಬಂಧದ ತಲೆಬರಹ ಯೋಚಿಸುತ್ತಲೇ ಬಂದರು. ಸತ್ತವರ ದನಿಯೂ ರಕ್ತವನ್ನು ಸಂತೈಸುತ್ತದೆ! ಜಗತ್ತೇ ಬೆರಗಾಗುವ ಮಾತು. ವಿರೂಪಾಕ್ಷ ಹಿಂದೆ ಹಿಂದೆ ಬಂದ. ಅವನಿಗೆ ನಿದ್ದೆ ಹತ್ತಿರಲಿಲ್ಲ. ಮುದುಕಿಗೆ ಸತ್ತ ಗಂಡನ ಆಸೆ ತೋರಿಸಿ ಮೋಸ ಮಾಡಿದೆನಲ್ಲ, ಎಚ್ಚರಾದ ಮೇಲೆ ಆಕೆ ಗಂಡನನ್ನು ಹುಡುಕಿದರೆ ಏನು ಹೇಳಲಿ?

“ಅಮ್ಮಾರ, ಮೈಮರೆತಾಗ ಏನರ ಕೇಳಸ್ತೇನ್ರಿ?” ಎಂದರು ನದಾಫ್.

“ಕೇಳ್ಸಿತಲ್ರಿ. ಮೊದಲು ಯಾರೋ ರೇಡಿಯೋದಾಗ ಭಾಷಣ ಹಚ್ಚಿದ್ರು.” ನೀಲವ್ವ ದಿಂಬಿಗೆ ಒರಗಿ ಕೆರೆಯ ಕಡೆ ನೋಡಿದಳು. “ನಾ ಬಸ್ಸಿನ್ಯಾಗ ಇದ್ದೆ. ಹಳೇ ಕೆಂಪು ಬಸ್ಸು. ಒಬ್ಬಾಕಿನೇ. ಹೊರಗ ಬರೀ ಅರಳಿ ಹಾರೂದು, ಹಿಂಜಿದ ಹತ್ತಿ, ರಸ್ತೆ ಇಲ್ಲ, ಊರಿಲ್ಲ. ಅಂಜಿಕಿ ಅಂದ್ರ ಅಂಜಿಕಿ, ಮೈಯೆಲ್ಲ ನೀರಾಗಿ ಹರದು ಹೋಗ್ತೈತೇನೋ ಅನ್ನೂಹಂಗ. ನೋಡತೀನಿ, ಅನಸೂ ಅಪ್ಪ ಟಿಕೆಟ್ ಹರೀಲಿಕ್ಕೆ ಬಂದಾರ. ಕಡೀ ಸ್ಟಾಪಿಗೆ ಒಂದ್ ಕೊಡ್ರಿ ಅಂದೆ. ಅವರು ಟಿಕೆಟ್ ಹರದ್ರು. ಇನ್ನೇನು ಕೈಯಾಗ ಕೊಡಬೇಕು, ಹಿಂದಿನ ಸೀಟಿನಿಂದ ಯಾವನೋ ಒಬ್ಬ ಅವರ ದನೀಲೇ ‘ನೀಲಾ, ನನ್ನ ನೀಲಾ’ ಅಂತ ಕರದ!”

ವಿರೂಪಾಕ್ಷ ನೆಲ ನೋಡಿದ.

“ಜಲ್ಮದಾಗ ಅವರು ನನ್ನ ಹೆಸರು ತಗದಿಲ್ರಿ ಯಪ್ಪಾ! ಗಂಡ ಹೆಂಡ್ತಿ ಹೆಸರು ತಗೀತಾನೇನ್ರಿ, ನಮ್ಮ ಕಾಲದಾಗ? ನಾ ಅವರ ಮಾರಿ ನೋಡ್ದೆ. ಅವರು ನನ್ನ ಮಾರಿ ನೋಡಿದ್ರು. ‘ಯಾವನ ಅಂವ? ಹೆಸರು ಹಿಡದು ಕರಿಯಾಕ ಯಾವನ?’ ಅಂದ್ರು. ‘ನನಗೇನ್ ಗೊತ್ರಿ’ ಅಂದೆ. ಹರದ ಟಿಕೆಟ್ ಕಿಸೇದಾಗ ಹಾಕ್ಕೊಂಡು ಪುರ್ರ್ ಅಂತ ಒಂದ್ ಸೀಟಿ ಊದಿ ಬಸ್ ನಿಲ್ಲಿಸಿದ್ರು. ‘ಇಳಿ. ಮೊದಲ ಅಂವ ಯಾರು ನೋಡ್ಕೊಂಡು ಬಾ, ಆಮ್ಯಾಲ ಹೋಗೂಣು’ ಅಂದ್ರು. ಸತ್ತ ಮ್ಯಾಲೂ ಅನುಮಾನ ನೋಡ್ರಿ! ನನಗ ನಗು ಹತ್ತಿತು, ಹತ್ತಿತು, ನಿಂದ್ರವಲ್ದು. ಬಸ್ಸಿನ ಮೆಟ್ಟಲಾ ಹಿಡದು ನಕ್ಕೋತ ಇಳದೆ.”

ಹೇಳುತ್ತ ಹೇಳುತ್ತ ನೀಲವ್ವ ಮತ್ತೆ ನಕ್ಕಳು. ‘ಹುಕ್. ಹುಕ್ಹುಕ್. ಹುಕುಹುಕುಹುಕು…’ ನದಾಫ್ ಬೆಚ್ಚಿಬಿದ್ದರು. ತಂತಿಯ ಆ ನಡುಕ, ಸೆಳವೆಂದು ತಾವು ಓಡಿ ಬಂದದ್ದು, ಅದೇ ತಾಳ, ಅದೇ ತಡೆ, ಅದೇ ಒಡೆತ. ಅವರ ಪ್ರಬಂಧದ ತಲೆಬರಹ ಗಾಳಿಯಲ್ಲಿ ಅರಳೆಯ ಹಾಗೆ ಹಾರಿಹೋಯಿತು. ಸಂತೈಸಿದ್ದು ಸತ್ತವನ ದನಿಯಲ್ಲ. ಕೆಟ್ಟ ಮಿಮಿಕ್ರಿ.

“ಎರಡು ಸಲ ಊದಿದ್ರ ಏನಾಗ್ತಿತ್ತು, ಅಮ್ಮಾ?” ವಿರೂಪಾಕ್ಷ ಕೇಳಿದ.

“ಬಸ್ ಹೊಂಟೇ ಬಿಡ್ತಿತ್ತಪ್ಪಾ, ನನ್ನ ಕರಕೊಂಡು.” ನೀಲವ್ವ ಅವನನ್ನು ಮೇಲಿಂದ ಕೆಳಗೆ ಅಳೆದಳು. “ನೀನೇ ಏನು ಅಂವ? ಹಿಂದಿನ ಸೀಟಿನ್ಯಾಂವ?”

ಅವನು ಹೌದೆಂದು ತಲೆಯಾಡಿಸಿದ. ಕ್ಷಮೆ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತಿದ್ದ ಅನಸೂಯಾ ಮೆಲ್ಲಗೆ, “ಯವ್ವಾ, ಹಂಗಾರ ಅಪ್ಪ ನಿನಗ ಏನಂತ ಕರೀತಿದ್ದ?” ಎಂದಳು.

“ಹಿಂಗ್ಯಾಕ ಕೇಳ್ತಿ? ನಿನ್ನ ಹೆಸರು ಹಿಡದು ಕರೀತಿರಲಿಲ್ಲೇನು? ಹಿರೇ ಮಗಳ ಹೆಸರ್ಲೇ ಕರಿಯೂದಲ್ಲ? ಅನಸೂ ಅಂದ್ರ ನಾ.”

“ನೀನಾ? ನನಗ ಅಂತ ನಾ ಓಡಿ ಬರ್ತಿದ್ದೆ!”

“ಹೌದಲ್ಲ, ನನಗ ಕರದ್ರ ಈ ಹುಡುಗಿ ಯಾಕ ಓಡಿ ಬರ್ತೈತಿ ಅಂತ ನಾನೂ ಅನ್ಕೋತಿದ್ದೆ.”

ಅನಸೂಯಾಳ ಬಾಯಿ ತೆರೆದದ್ದು ತೆರೆದೇ ಇತ್ತು. ಬಾಲ್ಯವೆಲ್ಲ ಅವಳ ಹೆಸರು ಹೊತ್ತು ಬಂದ ಕರೆಗಳು, ನೀರಿನ ಕರೆ, ಚಹಾದ ಕರೆ, ಸುಮ್ಮನೆ ಮುಖ ನೋಡಬೇಕೆಂಬ ಕರೆ, ಎಲ್ಲ ಅವಳ ತಲೆಯ ಮೇಲಿಂದ ಹಾದು ಅಡುಗೆಮನೆಗೆ ಹೋಗಿದ್ದವು. ಅಳಬೇಕೋ ನಗಬೇಕೋ ಎಂದು ಅವಳ ಮುಖ ಎರಡೂ ಕಡೆ ಎಳೆದಾಡಿತು.

“ಏ ಹುಡುಗಾ,” ನೀಲವ್ವ ವಿರೂಪಾಕ್ಷನಿಗೆ ಹೇಳಿದಳು, “ತಪ್ಪು ಕರದಿ. ಈಗ ಸರಿಯಾಗಿ ಕರಿ ನೋಡೂಣು. ಹೊಸ್ತಲದಾಗ ನಿಂತು.”

ವಿರೂಪಾಕ್ಷ ನದಾಫ್ ಕಡೆ ನೋಡಿದ. ಅವರು ಬೀಗ ತೆಗೆದವರಂತೆ ಕೈಯಾಡಿಸಿದರು. ಅವನು ಬಾಗಿಲಿಗೆ ಹೋದ. ಬೆನ್ನಿಗೆ ಕೆರೆ, ಕೆರೆಯ ಮೇಲೆ ಸಂಜೆ. ಎರಡೂ ಕೈ ಸೊಂಟಕ್ಕೆ ಇಟ್ಟ. ಈ ಸಲ ತನ್ನದೊಂದು ಚಿಟಿಕೆಯನ್ನೂ ಬೆರೆಸಲಿಲ್ಲ.

“ಅನಸೂ!”

“ಓ!” ಎಂದಳು ಅವ್ವ.

“ಓ!” ಎಂದಳು ಮಗಳು.

ಎರಡೂ ಒಂದೇ ಉಸಿರಿಗೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸತ್ತವರ ಕರೆಗೆ ಓ ಅನ್ನಬಾರದೆಂದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಯಾರೂ ಎಲ್ಲಿಗೂ ಹೋಗಲಿಲ್ಲ. ಮೊದಲು ಅನಸೂಯಾ ನಕ್ಕಳು, ಆಮೇಲೆ ನದಾಫ್ ಕನ್ನಡಕ ತೆಗೆದು ನಕ್ಕರು, ವಿರೂಪಾಕ್ಷ ಮೊಟ್ಟಮೊದಲ ಬಾರಿಗೆ ತನ್ನ ಸ್ವಂತ ನಗುವನ್ನು ನಕ್ಕ. ಅದು ಕಪ್ಪೆಯ ಹಾಗಿತ್ತು. ಗಾಜಿನ ಆಚೆ ಮೂಲೆಯಲ್ಲಿದ್ದ ನೀಲವ್ವನ ತಂತಿ ‘ಟಂಯ್ ಟಂಯ್’ ಎಂದು ಕುಣಿಯುತ್ತಿತ್ತು. ಅದೆಲ್ಲವನ್ನೂ ಮುಳುಗಿಸಿ, ತಲೆಯ ಕಟ್ಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, “ನಗಸಬ್ಯಾಡ್ರೋ, ಹೊಲಿಗಿ ಬಿಚ್ಚತಾವು” ಎನ್ನುತ್ತ, ನೀಲವ್ವ ಕೆರೆಯ ಆಚೆ ದಂಡೆಗೂ ಕೇಳುವ ಹಾಗೆ ನಗುತ್ತಿದ್ದಳು.